ಬೇಗಂಪೇಟೆಯ ಸೊಳ್ಳೆ ಮತ್ತು ರೊನಾಲ್ಡ್ ರಾಸ್ ಅವರ ಲೆಕ್ಕ

ನಮ್ಮ ಮಹಿಳಾ ವೇದಿಕೆಯ ಇ-ಸಂಚಿಕೆಗೆ ಸಾಧಕರೊಬ್ಬರ ಪರಿಚಯ ಬರೆದುಕೊಡಿ ಎಂದು ಸಂಪಾದಕಿಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಹೈದರಾಬಾದಿನ ಬೇಗಂಪೇಟೆಯಲ್ಲಿರುವ ಒಂದು ಹಳೆಯ ಕಟ್ಟಡ. ಮದುವೆಯಾಗಿ ತೀರ್ಥಹಳ್ಳಿ ಕಡೆಯಿಂದ ಈ ಊರಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಹಳೆಯ ವಿಮಾನ ನಿಲ್ದಾಣದ ಹತ್ತಿರದ ಆ ದಾರಿಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಆದರೆ ಅಲ್ಲಿ ಏನು ನಡೆದಿತ್ತು ಎಂದು ತಿಳಿದುಕೊಂಡದ್ದು ನಮ್ಮ ಮನೆಗೇ ಜ್ವರ ಬಂದ ಮೇಲೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ನನ್ನ ಆರು ವರ್ಷದ ಮೊಮ್ಮಗನಿಗೆ ಡೆಂಗ್ಯೂ ಬಂತು. ಐದು ದಿನ ಆಸ್ಪತ್ರೆಯಲ್ಲಿ ಅವನ ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಕೇಳುತ್ತಾ ಕುಳಿತಿದ್ದೆವು. ದೇವರ ದಯೆ, ಮಗು ಚೇತರಿಸಿಕೊಂಡು ಮನೆಗೆ ಬಂದ. ಅದೇ ವಾರ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನಾನು ಒಂದು ಸಣ್ಣ ಬೇಡಿಕೆ ಇಟ್ಟೆ. ಹೂಕುಂಡಗಳ ಕೆಳಗಿನ ತಟ್ಟೆ, ಏಸಿಯ ನೀರು ಬೀಳುವ ಬಕೆಟ್, ತಾರಸಿಯ ಮೇಲಿನ ಹಳೆ ಟೈರು, ತೆಂಗಿನ ಚಿಪ್ಪು ಇವನ್ನೆಲ್ಲ ವಾರಕ್ಕೊಮ್ಮೆ ಖಾಲಿ ಮಾಡೋಣ ಎಂದೆ. ಅಷ್ಟಕ್ಕೇ ಒಬ್ಬರು ನಕ್ಕರು. ಪಕ್ಕದಲ್ಲೇ ನಾಲೆ, ಎದುರಿಗೆ ಖಾಲಿ ಸೈಟು, ಇಡೀ ಊರಿನ ಸೊಳ್ಳೆ ಹಾರಿ ಬರುವಾಗ ನಿಮ್ಮ ತಟ್ಟೆ ಬೋರಲು ಹಾಕಿ ಏನಾಗುತ್ತದೆ ಅಮ್ಮಾ ಎಂದರು. ಉಳಿದವರೂ ತಲೆಯಾಡಿಸಿದರು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಬೇಗಂಪೇಟೆಯ ಆ ಕಟ್ಟಡದಲ್ಲಿ ಕೆಲಸ ಮಾಡಿದ್ದ ಸರ್ ರೊನಾಲ್ಡ್ ರಾಸ್ ಅವರ ಜೀವನ ಓದಿದಾಗ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ತೋರಿಸಿದವರು ಎಂದು ಅವರ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಸಾಂಕ್ರಾಮಿಕ ರೋಗ ಹೇಗೆ ಹರಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಣಿತದಿಂದ ಲೆಕ್ಕ ಹಾಕಿದ ಮೊದಲಿಗರಲ್ಲಿ ಅವರೂ ಒಬ್ಬರು ಎಂಬುದು ನನಗೆ ಗೊತ್ತಿರಲಿಲ್ಲ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಆಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನವಾಗಿತ್ತು. ತಂದೆ ಸೈನ್ಯದ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿಗೆ ಓದಲೆಂದು ಇಂಗ್ಲೆಂಡಿನ ಬಂಧುಗಳ ಮನೆಗೆ ಕಳಿಸಿದರು. ಹುಡುಗನಿಗೆ ಕವಿಯಾಗಬೇಕು, ಚಿತ್ರ ಬರೆಯಬೇಕು, ಸಂಗೀತ ಕಟ್ಟಬೇಕು ಎಂಬ ಆಸೆ. ತಂದೆಗೆ ಮಗ ಡಾಕ್ಟರಾಗಿ ಭಾರತದ ಸರ್ಕಾರಿ ವೈದ್ಯಸೇವೆಗೆ ಸೇರಬೇಕೆಂಬ ಹಟ. ಕೊನೆಗೆ ತಂದೆಯ ಮಾತೇ ನಡೆಯಿತು. ಲಂಡನ್ನಿನ ಸೇಂಟ್ ಬಾರ್ಥಲೊಮ್ಯು ಆಸ್ಪತ್ರೆಯಲ್ಲಿ ಅರೆಮನಸ್ಸಿನಿಂದ ಓದಿ, ಹೇಗೋ ಪಾಸಾಗಿ, 1881ರಲ್ಲಿ ಸೇವೆಗೆ ಸೇರಿ ಮದರಾಸಿಗೆ ಬಂದರು. ಅಲ್ಲಿ ಬಿಡುವು ಬೇಕಾದಷ್ಟಿತ್ತು. ಆ ಬಿಡುವಿನಲ್ಲಿ ಪುಸ್ತಕ ತರಿಸಿಕೊಂಡು, ಗುರುವಿಲ್ಲದೆ, ತಾವೇ ಗಣಿತ ಕಲಿತರು. ಯಾವ ಉಪಯೋಗಕ್ಕೂ ಅಲ್ಲ, ಬರೀ ಪ್ರೀತಿಗೆ. ಈ ಹವ್ಯಾಸ ಮುಂದೆ ಎಲ್ಲಿಗೆ ತಲುಪಿತು ನೋಡಿ.

1883ರಲ್ಲಿ ಅವರಿಗೆ ಬೆಂಗಳೂರಿನ ದಂಡಿನ ವೈದ್ಯರ ಹುದ್ದೆ ಸಿಕ್ಕಿತು. ಒಳ್ಳೆಯ ಬಂಗಲೆ, ಒಳ್ಳೆಯ ಹವೆ, ಆದರೆ ಕೋಣೆಯ ತುಂಬ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಬಗ್ಗಿ ನೋಡಿದರೆ ಹುಳುಗಳು ಕುಣಿಯುತ್ತಿದ್ದವು. ತೊಟ್ಟಿ ಮಗುಚಿದರು. ಸೊಳ್ಳೆ ಕಡಿಮೆಯಾಯಿತು. ಸಂಭ್ರಮದಿಂದ ಹೋಗಿ ದಂಡಿನ ಅಧಿಕಾರಿಯೊಬ್ಬರಿಗೆ, ಮೆಸ್ಸಿನ ಸುತ್ತಲಿನ ತೊಟ್ಟಿ, ಹೂದಾನಿಗಳನ್ನೂ ಹೀಗೇ ಖಾಲಿ ಮಾಡಿಸೋಣ ಎಂದರು. ಆ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನೂ ದೇವರು ಏನೋ ಕಾರಣಕ್ಕೆ ಸೃಷ್ಟಿಸಿರುತ್ತಾನೆ, ಸಹಿಸಿಕೊಳ್ಳುವುದೇ ನಮ್ಮ ಧರ್ಮ ಎಂಬುದು ಅವರ ವಾದ! ಇದನ್ನು ಓದಿದಾಗ ನನಗೆ ನಮ್ಮ ಅಪಾರ್ಟ್‌ಮೆಂಟಿನ ಸಭೆಯೇ ಕಣ್ಣ ಮುಂದೆ ಬಂತು.

ಆ ದಿನಗಳಲ್ಲಿ ಸೊಳ್ಳೆ ಒಂದು ಕಿರಿಕಿರಿ ಅಷ್ಟೇ, ರೋಗಕ್ಕೂ ಅದಕ್ಕೂ ಸಂಬಂಧ ಹಚ್ಚಿದವರು ಕಡಿಮೆ. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. ಜೌಗು ನೆಲದಿಂದ ಏಳುವ ಗಾಳಿಯಿಂದ ಜ್ವರ ಬರುತ್ತದೆ ಎಂದು ನಂಬಿದ್ದರು. ನಮ್ಮ ಮಲೆನಾಡಿನಲ್ಲಿ ಇದೇ ಚಳಿಜ್ವರ. ನನ್ನ ಅಜ್ಜಿಯ ಇಬ್ಬರು ತಂಗಿಯರು ಈ ಜ್ವರಕ್ಕೇ ಹೋದರಂತೆ. ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಗಡ್ಡೆ ಕಟ್ಟುತ್ತಿದ್ದುದನ್ನು ಅಜ್ಜಿ ತಮ್ಮ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದರು. ಅದು ಊದಿಕೊಂಡ ಗುಲ್ಮ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ.

ಫ್ರೆಂಚ್ ಸೈನ್ಯದ ವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ರೋಗಿಗಳ ರಕ್ತದೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡಿದ್ದರು. ರಾಸ್ ಅದನ್ನು ಬಹಳ ಕಾಲ ನಂಬಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿದರು. ಈ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿರಬಹುದು ಎಂಬ ಊಹೆಯೂ ಮ್ಯಾನ್ಸನ್ ಅವರದೇ. ಅಲ್ಲಿಂದ ಮುಂದೆ ರಾಸ್‌ಗೆ ಅದೊಂದೇ ಧ್ಯಾನ. 1895ರಲ್ಲಿ ಸಿಕಂದರಾಬಾದಿನ ದಂಡಿಗೆ ಬಂದು ಕೆಲಸ ಶುರು ಮಾಡಿದರು. ಆಗ ಅವರಿಗೆ ಮದುವೆಯಾಗಿ ಆರು ವರ್ಷ, ಚಿಕ್ಕ ಮಕ್ಕಳು ಬೇರೆ. ಪತ್ನಿಯ ಹೆಸರು ರೋಸಾ.

ಮುಂದಿನ ಎರಡು ವರ್ಷ ಸೋಲಿನ ಮೇಲೆ ಸೋಲು. ಅವರು ಪರೀಕ್ಷಿಸುತ್ತಿದ್ದ ಸೊಳ್ಳೆಗಳೇ ಬೇರೆ ಜಾತಿಯವು, ಅವುಗಳಲ್ಲಿ ಮಲೇರಿಯಾ ಬೆಳೆಯುವುದೇ ಇಲ್ಲ. ನಡುವೆ ವರ್ಗಾವಣೆಯ ಕಾಟ. 1895ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ಕಾಲರಾ ತಡೆಯಲು ಕಳಿಸಿದರು. ಸೂಕ್ಷ್ಮದರ್ಶಕ ಬದಿಗಿಟ್ಟು ಬಾವಿ, ಚರಂಡಿ, ಕಸ ಎಂದು ಬೀದಿ ಬೀದಿ ಸುತ್ತಿದರು, ಊರಿನ ನೈರ್ಮಲ್ಯದ ಬಗ್ಗೆ ದೊಡ್ಡ ವರದಿ ಬರೆದರು. 1897ರ ಬೇಸಗೆಯಲ್ಲಿ ರಜೆ ಹಾಕಿ ಊಟಿಗೆ ಹೋದರು. ಬೆಟ್ಟದ ಬುಡದ ಸೀಗೂರು ಘಾಟಿಗೆ, ಎಂದರೆ ನಾವು ಮೈಸೂರಿನಿಂದ ಬಂಡೀಪುರ, ಮಸಿನಗುಡಿ ದಾಟಿ ಊಟಿಗೆ ಹತ್ತುವ ಕಡೆಗೆ, ಜ್ವರದ ಸೊಳ್ಳೆ ಹುಡುಕುತ್ತಾ ಇಳಿದರು. ಅಲ್ಲಿ ಅವರಿಗೇ ಮಲೇರಿಯಾ ಹಿಡಿಯಿತು.

ಜೂನ್‌ನಲ್ಲಿ ಸಿಕಂದರಾಬಾದಿಗೆ ಮರಳಿದರು. ಬೇಗಂಪೇಟೆಯ ಸಣ್ಣ ಆಸ್ಪತ್ರೆಯಲ್ಲಿ ಕೆಲಸ. ಆ ವರ್ಷದ ಸೆಕೆ ಎಂದರೆ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳೇ ತುಕ್ಕು ಹಿಡಿದವು. ಪಂಕ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಪಂಕವೂ ಇಲ್ಲ. ಹುಳು ಹಿಡಿದು ತರುತ್ತಿದ್ದವರು ಸ್ಥಳೀಯ ಸಹಾಯಕರು. ಅವರು ತಂದ ಹುಳುಗಳಿಂದ ಆಗಸ್ಟ್‌ನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಕಂದು ಸೊಳ್ಳೆಗಳು ಹುಟ್ಟಿದವು. ಹುಸೇನ್ ಖಾನ್ ಎಂಬ ರೋಗಿ ಒಂದು ಸೊಳ್ಳೆ ಕಚ್ಚಿದರೆ ಒಂದಾಣೆಯಂತೆ ದುಡ್ಡು ಪಡೆದು ಪರದೆಯೊಳಗೆ ಮಲಗಿದರು. ಆಗಸ್ಟ್ 20ರಂದು ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ರಾಸ್ ದುಂಡನೆಯ ಕೋಶಗಳನ್ನು ಕಂಡರು. ಅವುಗಳೊಳಗೆ ಮಲೇರಿಯಾ ಜೀವಿಯ ಕಪ್ಪು ಬಣ್ಣದ ಕಣಗಳು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅವೇ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿತ್ತು! ಇಂದಿಗೂ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನ ಎನ್ನುತ್ತಾರೆ.

ಬಹುಮಾನವಾಗಿ ಸಿಕ್ಕಿದ್ದು ಇನ್ನೊಂದು ವರ್ಗಾವಣೆ. ರಾಜಪುತಾನದ ಖೇರ್‌ವಾಡಾಕ್ಕೆ, ಮಲೇರಿಯಾವೇ ವಿರಳವಾದ ಜಾಗಕ್ಕೆ ಕಳಿಸಿದರು. ವರ್ಗಾವಣೆಯ ಕೆಲಸದವರ ಮನೆಯಲ್ಲಿ ಬಾಳಿದ ನಮ್ಮಂಥವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮ್ಯಾನ್ಸನ್ ಅವರ ಒತ್ತಾಯದಿಂದ 1898ರಲ್ಲಿ ಕಲ್ಕತ್ತಾಕ್ಕೆ ವಿಶೇಷ ಕೆಲಸದ ಮೇಲೆ ಹೋದರು. ಅಲ್ಲಿ ಮನುಷ್ಯರ ಬದಲು ಹಕ್ಕಿಗಳ ಮಲೇರಿಯಾ ಹಿಡಿದರು. ಮಹಮ್ಮದ್ ಬಕ್ಸ್ ಎಂಬ ಸಹಾಯಕ ಅವರ ಬಲಗೈ. ಜುಲೈನಲ್ಲಿ ಜೀವಿಯ ಹಾದಿ ಪೂರ್ತಿ ಸಿಕ್ಕಿತು. ಜಠರದಿಂದ ಸೊಳ್ಳೆಯ ಜೊಲ್ಲು ಗ್ರಂಥಿಗೆ, ಅಲ್ಲಿಂದ ಕಚ್ಚುವಾಗ ಆರೋಗ್ಯವಂತ ಗುಬ್ಬಿಯ ರಕ್ತಕ್ಕೆ. ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರಲ್ಲಿ ಇದನ್ನು ಸಾಧಿಸಿ, ಸೊಳ್ಳೆ ಅನಾಫಿಲಿಸ್ ಜಾತಿಯದು ಎಂದು ಗುರುತಿಸಿದರು.

1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಬಂತು. ಇಲ್ಲಿ ಅವರ ದೊಡ್ಡ ದೋಷವನ್ನೂ ಹೇಳಬೇಕು. ಗ್ರಾಸ್ಸಿಯವರ ಮೇಲೆ ಅವರು ಜೀವನವಿಡೀ ಹಗೆ ಸಾಧಿಸಿದರು, ನ್ಯಾಯವಾಗಿ ಸಲ್ಲಬೇಕಾದ ಶ್ರೇಯವನ್ನೂ ಕೊಡಲಿಲ್ಲ. ಮುಂದೆ ಮ್ಯಾನ್ಸನ್ ಅವರೊಡನೆಯೂ ಮನಸ್ತಾಪವಾಯಿತು. ಇನ್ನು ಒಂದಾಣೆಗೆ ಮೈಯೊಡ್ಡಿದ ಹುಸೇನ್ ಖಾನ್, ಹಗಲಿರುಳು ದುಡಿದ ಮಹಮ್ಮದ್ ಬಕ್ಸ್ ಅವರ ಹೆಸರು ಎಷ್ಟು ಜನರಿಗೆ ಗೊತ್ತು?

ರಾಸ್ ಅವರ ಬಗ್ಗೆ ನಾವು ಓದಿದ ಪಾಠಗಳು ಇಲ್ಲಿಗೇ ಮುಗಿಯುತ್ತವೆ. ನನಗೆ ಬೇಕಾಗಿದ್ದ ಉತ್ತರ ಇದ್ದದ್ದು ಇದರ ಮುಂದಿನ ಭಾಗದಲ್ಲಿ.

1899ರಲ್ಲಿ ಅವರು ಭಾರತ ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಗೆ ಸೇರಿದರು. ರೋಗ ಹರಡುವುದು ಸೊಳ್ಳೆಯಿಂದ ಎಂದ ಮೇಲೆ ಸೊಳ್ಳೆ ಕಡಿಮೆ ಮಾಡಿದರೆ ರೋಗವೂ ಕಡಿಮೆ ಆಗಬೇಕಲ್ಲ? ಇದನ್ನು ಹೇಳಿಕೊಂಡು ಪಶ್ಚಿಮ ಆಫ್ರಿಕಾ, ಈಜಿಪ್ಟ್ ಎಂದು ಸುತ್ತಿದರು. ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಪಟ್ಟಣದಲ್ಲಿ ನಿಂತ ನೀರು ತೆಗೆಸಿದ ಕೆಲವೇ ವರ್ಷಗಳಲ್ಲಿ ಮಲೇರಿಯಾ ಹೆಚ್ಚುಕಡಿಮೆ ಇಲ್ಲವಾಯಿತು. ಆದರೆ ಲಾಹೋರಿನ ಹತ್ತಿರದ ಮಿಯಾನ್ ಮೀರ್ ದಂಡಿನಲ್ಲಿ ಸರ್ಕಾರ ನಡೆಸಿದ ಪ್ರಯೋಗ ಫಲ ಕೊಡಲಿಲ್ಲ. ಅಲ್ಲಿಗೆ ಹಲವರು ಗೋಣು ಆಡಿಸಿಬಿಟ್ಟರು. ಸೊಳ್ಳೆ ಹೊರಗಿನಿಂದ ಹಾರಿ ಬರುತ್ತದೆ, ಎಲ್ಲ ಸೊಳ್ಳೆ ಕೊಲ್ಲಲು ಯಾರಿಂದಲೂ ಆಗದು, ಹಾಗಾಗಿ ಈ ಪ್ರಯತ್ನವೇ ವ್ಯರ್ಥ ಎಂದರು. ನಮ್ಮ ಸಭೆಯಲ್ಲಿ ನಾನು ಕೇಳಿದ್ದೂ ಅಕ್ಷರಶಃ ಇದನ್ನೇ.

ರಾಸ್ ಇದಕ್ಕೆ ಲೆಕ್ಕದಿಂದಲೇ ಉತ್ತರ ಕೊಡಲು ಕುಳಿತರು. ಮೊದಲ ಪ್ರಶ್ನೆ, ಹೊರಗಿನ ಸೊಳ್ಳೆಯದು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಮಾಡಿದ ಭಾಷಣದಲ್ಲಿ ಅವರು ಹೇಳಿದ್ದರ ತಿರುಳು ಇಷ್ಟು. ಸೊಳ್ಳೆ ಬಾಣದಂತೆ ನೇರ ಹೋಗುವುದಿಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ಮತ್ತೆ ಹಿಂದಕ್ಕೆ, ಹೀಗೆ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ. ಹಾಗೆ ಅಲೆಯುವ ಪ್ರಾಣಿ ಎಷ್ಟು ಹಾರಿದರೂ ಬಹುಪಾಲು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ. ಆದ್ದರಿಂದ ಸಾಕಷ್ಟು ಅಗಲದ ಜಾಗವನ್ನು ಶುಚಿ ಮಾಡಿದರೆ ಅಂಚಿನಲ್ಲಿ ಸೊಳ್ಳೆ ಬಂದರೂ ನಡುವೆ ತುಂಬ ಕಡಿಮೆಯಾಗುತ್ತದೆ. ಈ ಅಲೆದಾಟದ ಗಣಿತವನ್ನು ಬಿಡಿಸಿಕೊಡಿ ಎಂದು ಅವರು ಕಾರ್ಲ್ ಪಿಯರ್‌ಸನ್ ಎಂಬ ಪ್ರಸಿದ್ಧ ಗಣಿತಜ್ಞರನ್ನೂ ಕೇಳಿಕೊಂಡರು. ಇಂದು ಷೇರುಪೇಟೆಯ ಏರಿಳಿತದ ಅಧ್ಯಯನಕ್ಕೂ ಬಳಸುವ ರ‍್ಯಾಂಡಮ್ ವಾಕ್ ಎಂಬ ಹೆಸರು 1905ರಲ್ಲಿ ಪಿಯರ್‌ಸನ್ ಇಟ್ಟದ್ದು.

ಎರಡನೆಯ ಪ್ರಶ್ನೆ, ಎಲ್ಲ ಸೊಳ್ಳೆ ಕೊಲ್ಲಬೇಕೇ ಎಂಬುದು. 1907ರ ಕೊನೆಗೆ ರಾಸ್ ಮಾರಿಷಸ್ ದ್ವೀಪಕ್ಕೆ ಹೋಗಿ ಸಾವಿರಾರು ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಊದಿದೆಯೇ ಎಂದು ನೋಡಿಸಿದರು. ನನ್ನ ಅಜ್ಜಿ ತೋರಿಸುತ್ತಿದ್ದ ಅದೇ ಗಡ್ಡೆ! ಎಷ್ಟು ಮಕ್ಕಳಿಗೆ ಗಡ್ಡೆ ಇದೆಯೋ ಅದೇ ಆ ಊರಿನ ಮಲೇರಿಯಾದ ಅಳತೆ. 1908ರ ವರದಿಯಲ್ಲಿ, ಆಮೇಲೆ 1910ರಲ್ಲಿ ಬಂದ ಮಲೇರಿಯಾ ತಡೆಯ ಪುಸ್ತಕದಲ್ಲಿ ಅವರು ತಮ್ಮ ಲೆಕ್ಕ ಕೊಟ್ಟರು.

ಲೆಕ್ಕ ಕಷ್ಟವಿಲ್ಲ, ಅಡುಗೆಮನೆಯಲ್ಲೇ ಕೂತು ಮಾಡಬಹುದು. ಒಂದು ಹಳ್ಳಿ, 1,000 ಜನ, ಅವರಲ್ಲಿ ಒಬ್ಬರಿಗೆ ಮಾತ್ರ ಮಲೇರಿಯಾ. ಹಳ್ಳಿಯಲ್ಲಿ 48,000 ಅನಾಫಿಲಿಸ್ ಸೊಳ್ಳೆ ಇವೆ ಎನ್ನೋಣ. ನಾಲ್ಕರಲ್ಲಿ ಒಂದಕ್ಕೆ ಮಾತ್ರ ಮನುಷ್ಯರನ್ನು ಕಚ್ಚುವ ಅವಕಾಶ ಸಿಗುತ್ತದೆ ಎಂದು ಹಿಡಿದರೆ 12,000 ಆಯಿತು. ಅವು 1,000 ಜನರಲ್ಲಿ ಹಂಚಿಹೋದರೆ ರೋಗಿಯನ್ನು ಕಚ್ಚಿದವು 12. ಜೀವಿ ಸೊಳ್ಳೆಯೊಳಗೆ ಬಲಿಯಲು ಸುಮಾರು ಹತ್ತು ದಿನ ಬೇಕು. ಅಷ್ಟು ದಿನ ಬದುಕುವವು ಮೂರರಲ್ಲಿ ಒಂದು, ಅಂದರೆ 4. ಅವುಗಳಲ್ಲಿ ಮತ್ತೆ ಕಚ್ಚುವ ಅವಕಾಶ ಸಿಗುವುದು ನಾಲ್ಕರಲ್ಲಿ ಒಂದಕ್ಕೆ. ಉಳಿದದ್ದು 1. ಅಷ್ಟೊಂದು ಸೊಳ್ಳೆ ಸೇರಿ ರೋಗ ದಾಟಿಸಿದ್ದು ಒಬ್ಬರಿಗೆ!

ಇನ್ನೊಂದು ಕಡೆ ರೋಗಿಗಳು ಗುಣವಾಗುತ್ತಲೂ ಇರುತ್ತಾರೆ. ಹೊಸ ರೋಗಿಗಳು ಸೇರುವುದಕ್ಕಿಂತ ಹಳಬರು ಗುಣವಾಗುವುದು ಹೆಚ್ಚಾದರೆ ರೋಗ ತಾನೇ ಇಳಿಯುತ್ತಾ ಹೋಗುತ್ತದೆ. ರಾಸ್ ತಾವು ಹಿಡಿದ ಅಂಕಿಗಳಲ್ಲಿ ಆ ಗಡಿ ತಲೆಗೆ ಸುಮಾರು 40 ಅನಾಫಿಲಿಸ್ ಎಂದು ಕಂಡುಕೊಂಡರು. ಊರಿಂದೂರಿಗೆ ಈ ಅಂಕಿ ಬದಲಾಗುತ್ತದೆ, ಆದರೆ ಒಂದು ಗಡಿ ಇದ್ದೇ ಇದೆ. ಕೊನೆಯ ಸೊಳ್ಳೆಯನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲ, ಗಡಿಯ ಕೆಳಗೆ ಇಳಿಸಿ ಅಲ್ಲೇ ಉಳಿಸಿಕೊಂಡರೆ ಸಾಕು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪೂರ್ತಿ ಮಾಡಲಾಗದ ಕೆಲಸವನ್ನು ಶುರುವೇ ಮಾಡಬಾರದು ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ?

1911ರಲ್ಲಿ ಇದೇ ಲೆಕ್ಕವನ್ನು ರಾಸ್ ಸಮೀಕರಣಗಳ ರೂಪಕ್ಕೆ ತಂದರು. ಸೊಳ್ಳೆ ಕಂಡುಹಿಡಿದದ್ದಕ್ಕಿಂತ ಸಾಂಕ್ರಾಮಿಕಗಳ ಸಾಮಾನ್ಯ ನಿಯಮ ಹುಡುಕಿದ್ದೇ ತಮ್ಮ ಮುಖ್ಯ ಕೆಲಸ ಎಂದು ಅವರು ನಂಬಿದ್ದರು. ಆದರೆ ಆಗ ಅದನ್ನು ಲಕ್ಷ್ಯಕ್ಕೆ ತೆಗೆದುಕೊಂಡವರು ಬಹಳ ಕಡಿಮೆ.

1914ರ ಆಗಸ್ಟ್‌ನಲ್ಲಿ ಮಹಾಯುದ್ಧದ ಮೊದಲ ತಿಂಗಳೇ ಅವರ ಹಿರಿಯ ಮಗ ಫ್ರಾನ್ಸಿನ ಲ ಕಾತೋ ಕದನದಲ್ಲಿ ತೀರಿಕೊಂಡ. ತಂದೆಯದೇ ಹೆಸರು ಹೊತ್ತ, ಇನ್ನೂ ಇಪ್ಪತ್ತು ತುಂಬದ ಹುಡುಗ. ಆ ಯುದ್ಧದ ವರ್ಷಗಳಲ್ಲೇ ರಾಸ್ ಮತ್ತೆ ಲೆಕ್ಕಕ್ಕೆ ಮರಳಿದರು. ಮಲೇರಿಯಾ ಒಂದಕ್ಕೇ ಅಲ್ಲ, ಯಾವುದೇ ಸಾಂಕ್ರಾಮಿಕಕ್ಕೂ ಹೊಂದುವ ಗಣಿತದ ಮೊದಲ ಪ್ರಬಂಧ 1916ರಲ್ಲಿ ಬಂತು. ಮುಂದಿನ ಎರಡು ಭಾಗ 1917ರಲ್ಲಿ, ಜೊತೆಗೆ ಇನ್ನೊಂದು ಹೆಸರಿನೊಂದಿಗೆ: ಹಿಲ್ಡಾ ಹಡ್ಸನ್.

ಈ ಹೆಣ್ಣುಮಗಳ ಬಗ್ಗೆ ನಮ್ಮ ಸಂಚಿಕೆಯಲ್ಲಿ ನಾಲ್ಕು ಮಾತು ಬೇಕೇ ಬೇಕು. 1881ರಲ್ಲಿ ಹುಟ್ಟಿದ ಹಿಲ್ಡಾ, 1903ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಏಳನೆಯ ಸ್ಥಾನದ ಗಂಡಸಿಗೆ ಸರಿಸಮನಾಗಿ ಬಂದರು. ಆದರೆ ಪದವಿ ಸಿಗಲಿಲ್ಲ, ಏಕೆಂದರೆ ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ! ಅವರ ಪ್ರೀತಿಯ ವಿಷಯ ರೇಖಾಗಣಿತ. ರಾಸ್‌ಗೆ ಹೊಳೆದ ವಿಚಾರಗಳಿಗೆ ಬೇಕಾದ ಬಿಗಿ ಗಣಿತದ ಬಲ ಅವರಿಂದ ಬಂತು. ಯುದ್ಧಕಾಲದಲ್ಲಿ ವಿಮಾನಗಳ ರಚನೆಯ ಲೆಕ್ಕವನ್ನೂ ಮಾಡಿದರು.

ರಾಸ್ ಹಚ್ಚಿದ ಇನ್ನೊಂದು ದೀಪ ಆಂಡರ್ಸನ್ ಮೆಕೆಂಡ್ರಿಕ್. 1901ರಲ್ಲಿ ರಾಸ್ ಜೊತೆ ಸಿಯೆರಾ ಲಿಯೋನ್‌ಗೆ ಹೋಗಿದ್ದ ಈ ತರುಣ ವೈದ್ಯ ಅವರ ಪ್ರೇರಣೆಯಿಂದ ಗಣಿತಕ್ಕೆ ಇಳಿದರು, ಮುಂದೆ ಭಾರತದ ಕಸೌಲಿಯಲ್ಲಿ ಕೆಲಸ ಮಾಡಿದರು. 1927ರಲ್ಲಿ ಇವರು ಮತ್ತು ಕರ್ಮಾಕ್ ಸೇರಿ ಸೋಂಕು ತಗಲಬಹುದಾದವರು, ತಗಲಿದವರು, ಗುಣವಾದವರು ಅಥವಾ ತೀರಿಕೊಂಡವರು ಎಂದು ಜನರನ್ನು ಮೂರು ಗುಂಪು ಮಾಡಿ ಸಾಂಕ್ರಾಮಿಕದ ಏರಿಳಿತವನ್ನು ವಿವರಿಸಿದರು. ಕರ್ಮಾಕ್ ಪ್ರಯೋಗಾಲಯದ ಅಪಘಾತದಲ್ಲಿ ಕಣ್ಣು ಕಳೆದುಕೊಂಡಿದ್ದರು, ಲೆಕ್ಕವೆಲ್ಲ ಮನಸ್ಸಿನಲ್ಲೇ. ಅವರು ತಮ್ಮ ಗಣಿತವನ್ನು ಹೋಲಿಸಿ ನೋಡಿದ್ದು ಯಾವ ಅಂಕಿಗಳೊಂದಿಗೆ ಗೊತ್ತೇ? 1905-06ರಲ್ಲಿ ಮುಂಬಯಿಯಲ್ಲಿ ಪ್ಲೇಗಿಗೆ ಬಲಿಯಾದವರ ವಾರವಾರದ ಲೆಕ್ಕದೊಂದಿಗೆ. ಮುಂಬಯಿಯ ನಮ್ಮ ಕನ್ನಡಿಗ ಗೆಳತಿಯರು ಇದನ್ನು ನೆನಪಿಡಬೇಕು. ಕೊರೊನಾ ಕಾಲದಲ್ಲಿ ಟಿವಿಯಲ್ಲಿ ದಿನವೂ ಕೇಳಿದ ಆರ್ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯಬೇಕು ಎಂಬ ಮಾತಿನಲ್ಲಿರುವುದೂ ರಾಸ್ ಹೇಳಿದ ಅದೇ ಗಡಿ.

ಕೊನೆಯ ವರ್ಷಗಳಲ್ಲಿ ರಾಸ್ ಸುಖವಾಗಿರಲಿಲ್ಲ. ಸರ್ ಪದವಿ ಬಂದಿತ್ತು, 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆಯೂ ಆಯಿತು. ಆದರೂ ತಕ್ಕ ಮನ್ನಣೆ ಸಿಗಲಿಲ್ಲ ಎಂಬ ಕೊರಗು, ಹಣದ ಚಿಂತೆ. ತಮ್ಮ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟರು. 1931ರಲ್ಲಿ ರೋಸಾ ಹೋದರು, 1932ರ ಸೆಪ್ಟೆಂಬರ್ 16ರಂದು ರಾಸ್.

ಈಗ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತೇನೆ. ಮುಂದಿನ ಸಭೆಗೆ ನಾನು ಒಂದು ಹಾಳೆಯಲ್ಲಿ 48,000ದ ಲೆಕ್ಕ ಬರೆದುಕೊಂಡು ಹೋದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯೇ ಬೇರೆ, ಅದು ಹಗಲಲ್ಲಿ ಕಚ್ಚುತ್ತದೆ, ಅದರ ಅಂಕಿಗಳೂ ಬೇರೆ, ಗಡಿಯೂ ಬೇರೆ ಎಂದು ಮೊದಲೇ ಹೇಳಿದೆ. ಆದರೆ ಅದು ಮೊಟ್ಟೆ ಇಡುವುದು ನಾಲೆಯಲ್ಲಿ ಅಲ್ಲ, ನಮ್ಮ ತಟ್ಟೆ, ಬಕೆಟ್ಟುಗಳ ತಿಳಿ ನೀರಿನಲ್ಲೇ. ತುಂಬ ದೂರ ಹಾರುವುದೂ ಇಲ್ಲ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಬೇಕು ಎಂದೆ. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಕೈ ಜೋಡಿಸಿದರು ಎಂದೂ ಹೇಳಲಾರೆ. ನಲವತ್ತು ಮನೆಗಳಲ್ಲಿ ಇಪ್ಪತ್ತಾರು ಮನೆಯವರು ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಕೊಡುತ್ತಾರೆ. ಉಳಿದವರನ್ನು ಬಯ್ಯುವುದು ಬಿಟ್ಟಿದ್ದೇನೆ. ಇಪ್ಪತ್ತಾರನ್ನು ಇಪ್ಪತ್ತೆಂಟು ಮಾಡುವುದು ಹೇಗೆ ಎಂದು ಮಾತ್ರ ಯೋಚಿಸುತ್ತೇನೆ.

ಕಳೆದ ಆಗಸ್ಟ್ 20ರಂದು ಮೊಮ್ಮಗನನ್ನು ಕರೆದುಕೊಂಡು ಬೇಗಂಪೇಟೆಯ ಆ ಕಟ್ಟಡದ ಮುಂದೆ ಹೋಗಿ ನಿಂತೆ. ಇಲ್ಲಿ ಒಬ್ಬರು ಸೊಳ್ಳೆಯ ಹೊಟ್ಟೆಯೊಳಗೆ ಇಣುಕಿ ನೋಡಿದ್ದರು ಕಂದ ಎಂದೆ. ಅವನು ಕಟ್ಟಡ ನೋಡಲಿಲ್ಲ, ಗೇಟಿನ ಬಳಿ ಯಾರೋ ಬಿಸಾಡಿದ್ದ ಎಳನೀರಿನ ಬುರುಡೆ ನೋಡಿದ. ಅದರಲ್ಲಿ ಮಳೆನೀರು ನಿಂತಿತ್ತು. ಅಜ್ಜಿ ಎಂದು ನನ್ನ ಮುಖ ನೋಡಿ, ಕಾಲಿನಿಂದ ಅದನ್ನು ಬೋರಲು ಹಾಕಿದ.